ನಾ ಕೊಡೆ

ನಮ್ಮೂರಿನಲ್ಲಿ ಹೊಸ ಹಾಡೊಂದು ಹತ್ತಿಕೊಂಡರೆ, ಯಾರಾದರೂ ಕಟ್ಟೆಯ ಮೇಲೆ ನಿಂತು ಅದರ ಅರ್ಥವನ್ನು ಸರಿಯಾಗಿ ಹೇಳುವ ತನಕ ಅದು ಯಾರ ಬಾಯಿಂದಲೂ ಇಳಿಯುವುದಿಲ್ಲ. ಆ ಅರ್ಥ ಹೇಳುವ ಕೆಲಸ ನನ್ನದು. ನನ್ನ ಅಪ್ಪನದೂ ಅದೇ ಆಗಿತ್ತು, ಅಜ್ಜನದೂ ಅದೇ. ಜನ ನನ್ನ ಹೆಸರು ಮರೆತು ಎಷ್ಟೋ ಕಾಲವಾಯಿತು. ಅರ್ಥದಯ್ಯ ಅಂತಲೇ ಕರೆಯುತ್ತಾರೆ, ಲಗ್ನಪತ್ರಿಕೆಯ ಮೇಲೂ ಹಾಗೆಯೇ ಬರೆದು ಕೊಡುತ್ತಾರೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ನೆಗಡಿ ಇದ್ದ ಹಾಗೆ. ಹಾಡು ಹತ್ತಿದ ದಿನಗಳಲ್ಲಿ ಹೇಗಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಪೂಜೆಯ ಭಟ್ಟರು ದವಡೆಯಲ್ಲಿ ಬೆಲ್ಲದ ಚೂರು ಒತ್ತಿಕೊಂಡು ಮಂತ್ರ ಹೇಳುತ್ತಾರೆ, ಇಲ್ಲದಿದ್ದರೆ ಅಷ್ಟೋತ್ತರದ ನಡುವೆ ಪಲ್ಲವಿ ನುಸುಳಿಬಿಡುತ್ತದೆ. ಸಾವಿನ ಮನೆಗೆ ಹೋಗುವವರು ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದೇ ಹೋಗುತ್ತಾರೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನು ನಡುವೆ ರಾಗ ತೆಗೆದರೆ, ಜಡ್ಜ್ ಸಾಹೇಬರು ತಾವೂ ಒಂದು ಸಾಲು ಮುಗಿಸಿ, ‘ಹೂಂ, ಮುಂದೆ ಹೇಳಪ್ಪ’ ಅನ್ನುತ್ತಾರೆ. ಮಾತು ಬಿಟ್ಟ ಅತ್ತೆ ಸೊಸೆಯರಲ್ಲಿ ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ತಡೆಯಲಾರದೆ ಮುಂದಿನ ಸಾಲು ಹೇಳಿ, ಆಮೇಲೆ ಇಬ್ಬರೂ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಅರ್ಥ ಸರಿಯಾಗಿದ್ದರೆ ಹೇಳಿ ಮುಗಿಸಿದ ಕ್ಷಣವೇ ಹಾಡು ಇಳಿಯುತ್ತದೆ. ಬರೀ ಇಳಿಯುವುದಿಲ್ಲ, ಹೋಗಿಯೇ ಬಿಡುತ್ತದೆ. ರಾಗವೂ ಇರುವುದಿಲ್ಲ, ಮಾತೂ ಇರುವುದಿಲ್ಲ. ಕಟ್ಟಿದವರಿಗೇ ಎರಡನೆಯ ಸಾಲು ನೆನಪಾಗುವುದಿಲ್ಲ. ಜನ ಉಸ್ಸಪ್ಪಾ ಅಂದುಕೊಂಡು, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ನಾನೂ ಇದನ್ನು ಊರಿಗೆ ಮಾಡುವ ದೊಡ್ಡ ಉಪಕಾರ ಅಂತಲೇ ತಿಳಿದು, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಓಡಾಡುತ್ತಿದ್ದೆ.

ಕೊಡೆಯ ಹಾಡು ಹತ್ತಿದ್ದು ಪುರಸಭೆಯ ಚುನಾವಣೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ. ಕಟ್ಟಿದವಳು ಪದ್ಮಾಕ್ಷಿ ಅನ್ನುವ ಹುಡುಗಿ. ಅವಳ ಹಿಂದೆ ಯಾವ ಕಂಪನಿಯೂ ಇಲ್ಲ, ಪಕ್ಕವಾದ್ಯದವರೂ ಇಲ್ಲ. ಅವಳ ಮನೆಯಲ್ಲಿ ಹಳೆಯ ಕಾಲದ ದೊಡ್ಡದೊಂದು ಮರದ ಬೀರು ಇದೆ. ಅದರೊಳಗೆ ಸೀರೆಗಳ ನಡುವೆ ಕೂತು, ಬಾಗಿಲು ಎಳೆದುಕೊಂಡು, ಮೊಬೈಲಿಗೆ ಹಾಡಿ, ತಾನೇ ಊರಿಗೆಲ್ಲ ಕಳಿಸುತ್ತಾಳೆ. ಸೀರೆಗಳ ನಡುವೆ ಹಾಡಿದರೆ ದನಿ ಗುಂಯ್ ಅನ್ನುವುದಿಲ್ಲವಂತೆ. ಬೀರು ಪದ್ದಿ ಅಂತಲೇ ಅವಳಿಗೆ ಹೆಸರು ಬಿದ್ದಿದೆ.

ಹಾಡು ಇದ್ದದ್ದು ನಾಲ್ಕೇ ಸಾಲು. ‘ಮಳೆಗೆ ಕೊಡೆ, ಬಿಸಿಲಿಗೆ ಕೊಡೆ, ಕೇಳಿದವರಿಗೆ ನಾ ಕೊಡೆ. ತೂತು ಬಿದ್ದರೂ, ಕಡ್ಡಿ ಮುರಿದರೂ, ತಲೆಯ ಮೇಲಿನದು, ನಾ ಕೊಡೆ.’ ಬೆಳಿಗ್ಗೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಊರಿಗೆ ಊರನ್ನೇ ಹಿಡಿದಿತ್ತು. ನನ್ನ ಬಾಯಿಗೂ ಬಂದು, ಸಾರಿಗೆ ಉಪ್ಪು ಸಾಲದು ಅಂತ ಹೇಳಹೋಗಿ ‘ಮಳೆಗೆ ಕೊಡೆ’ ಅಂದೆ. ನನ್ನ ಹೆಂಡತಿ ಭಾಗೀರತಿ ಏನೂ ಕೇಳದೆ ಉಪ್ಪಿನ ಮರಿಗೆ ಮುಂದಕ್ಕೆ ತಳ್ಳಿದಳು.

ಮೊದಲು ಉರಿದುಬಿದ್ದವರು ಪುರಸಭೆಯ ಅಧ್ಯಕ್ಷರಾದ ಜವರಪ್ಪನವರು. ಯಾಕೆಂದರೆ ಅವರ ಪಕ್ಷದ ಗುರುತೇ ಕೊಡೆ. ಪ್ರಚಾರದ ಜೀಪಿನ ಡ್ರೈವರು ಮೈಕು ಹಿಡಿದು ‘ನಿಮ್ಮ ಅಮೂಲ್ಯವಾದ ಮತವನ್ನು ಕೊಡೆಯ ಗುರುತಿಗೆ’ ಅಂತ ಶುರುಮಾಡಿ ‘ತೂತು ಬಿದ್ದರೂ, ಕಡ್ಡಿ ಮುರಿದರೂ’ ಅಂತ ಮುಗಿಸುತ್ತಿದ್ದ. ಜವರಪ್ಪನವರೇ ಬಾಗಿಲಿಗೆ ಬಂದು ಕೈ ಮುಗಿದು ‘ವೋಟು ಕೊಡಿ ತಾಯಿ’ ಅಂದರೆ, ಒಳಗಿನಿಂದ ಬಂದ ಹೆಂಗಸು ಅಷ್ಟೇ ವಿನಯದಿಂದ ‘ಕೇಳಿದವರಿಗೆ ನಾ ಕೊಡೆ’ ಅಂತ ಹಾಡಿ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಇದು ಎದುರು ಪಕ್ಷದವರು ದುಡ್ಡು ಕೊಟ್ಟು ಕಟ್ಟಿಸಿದ ಹಾಡು ಅಂತ ಅವರಿಗೆ ಖಾತ್ರಿಯಾಗಿಹೋಯಿತು.

ದೇವಸ್ಥಾನದ ಧರ್ಮದರ್ಶಿಗಳಾದ ನರಹರಿರಾಯರಿಗೆ ಬೇರೆ ಸಂಕಟ. ಹೋದ ವರ್ಷ ಉತ್ಸವದ ರೇಷ್ಮೆ ಕೊಡೆಯನ್ನು ಉಗ್ರಾಣದಲ್ಲಿ ಇಲಿ ಕಡಿದಿತ್ತು. ಅದನ್ನು ಯಾರಿಗೂ ತಿಳಿಯದ ಹಾಗೆ ಹೊಲಿಸಿ ತಂದಿದ್ದರು. ತಲೆಯ ಮೇಲಿನದು ಅಂದರೆ ಸ್ವಾಮಿಯ ತಲೆಯ ಮೇಲಿನದೇ, ತೂತು ಅಂದರೆ ಅದೇ ತೂತು ಅಂತ ಅವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ದರ್ಗಾದ ಮುಜಾವರ್ ಸಾಹೇಬರು ಮಾತ್ರ, ಇದು ಗುಮ್ಮಟದ ಮಾತು, ಕೇಳಿ ಬಂದವರಿಗೆಲ್ಲ ನೆರಳು ಅಂತ ಅರ್ಥ, ಅಂತ ಹೇಳಿಕೊಂಡು ಖುಷಿಯಾಗಿ ಹಾಡುತ್ತಿದ್ದರು.

ಕಟ್ಟೆ ಹತ್ತಲು ಮೊದಲ ಹಕ್ಕು ನನ್ನದು. ನಾನು ತಡಮಾಡಿದರೆ ಬೇರೆಯವರೂ ಹೇಳಿ ನೋಡಬಹುದು. ನಾನು ತಡಮಾಡಿದೆ. ಒಂದು ದಿನ ನರಹರಿರಾಯರು ಹತ್ತಿದರು. ಎರಡು ಗಂಟೆ ಶ್ಲೋಕಗಳ ಸಮೇತ ವಿವರಿಸಿ, ಇದು ದೇವರ ನಿಂದೆ, ಹುಡುಗಿ ತಪ್ಪುಕಾಣಿಕೆ ಹಾಕಬೇಕು ಅಂತ ಮುಗಿಸಿದರು. ಮುಗಿಸಿ ಕೆಳಗಿಳಿಯುವಾಗ ಅವರ ಬಾಯಲ್ಲೇ ‘ಮಳೆಗೆ ಕೊಡೆ’ ಬಂತು. ಮಾರನೆಯ ದಿನ ಜವರಪ್ಪನವರ ಕಡೆಯಿಂದ ರಾಜ್ಯಶಾಸ್ತ್ರದ ಲೆಕ್ಚರರ್ ಒಬ್ಬರು ಬಂದರು. ಕೊಡೆಗೆ ಎಂಟು ಕಡ್ಡಿ, ಪಕ್ಷಕ್ಕೆ ಎಂಟು ಸದಸ್ಯರು, ಮುರಿದ ಕಡ್ಡಿ ಅಂದರೆ ಹೋದ ತಿಂಗಳು ಪಕ್ಷ ಬಿಟ್ಟ ಮೂರನೇ ವಾರ್ಡಿನವರು, ಆದ್ದರಿಂದ ಇದು ರಾಜಕೀಯ ಪಿತೂರಿ ಅಂದರು. ಎಷ್ಟು ಚೆನ್ನಾಗಿ ಹೊಂದಿಸಿದ್ದರು ಅಂದರೆ ನಾನೇ ತಲೆದೂಗಿದೆ. ಹಾಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆಮೇಲೆ ಜವರಪ್ಪನವರೂ ನರಹರಿರಾಯರೂ ಒಂದೇ ಜೀಪಿನಲ್ಲಿ ನನ್ನ ಮನೆಗೆ ಬಂದರು. ಅವರಿಬ್ಬರನ್ನು ಒಂದೇ ಗಾಡಿಯಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

‘ಅಯ್ಯನೋರೆ, ಅರ್ಥ ನಮ್ಗೆ ವಿರುದ್ಧವಾಗಿದ್ರೂ ಚಿಂತಿಲ್ಲ, ಇಳಿದ್ರೆ ಸಾಕು’ ಅಂದರು ಜವರಪ್ಪನವರು. ‘ಮನೇಲಿ ಹೆಂಡ್ತಿ ಕೂಡ ನನ್ನ ಮುಖ ನೋಡ್ಕೊಂಡು ಹಾಡ್ತಾಳೆ.’

ನರಹರಿರಾಯರು ಅಷ್ಟು ಮೆತ್ತಗಿರಲಿಲ್ಲ. ‘ಸೋಮವಾರ ಬೆಳಿಗ್ಗೆ ಕಟ್ಟೆ ಹತ್ತಿ. ಆಗೋದಿಲ್ಲ ಅನ್ನೋದಾದ್ರೆ ಹೇಳಿಬಿಡಿ. ಶಾಲು, ಕಟ್ಟೆ, ಈ ಮನೆ, ಎಲ್ಲ ಅರ್ಥ ಹೇಳೋರಿಗೆ ಅಂತ ಊರು ಕೊಟ್ಟಿದ್ದು. ಹೇಳದೆ ಇರೋರಿಗಲ್ಲ.’

ನಾನು ಮಾಡದ ಪ್ರಯತ್ನವಿಲ್ಲ. ಅಜ್ಜನ ಪೆಟ್ಟಿಗೆಯಿಂದ ನಿಘಂಟುಗಳನ್ನು ಇಳಿಸಿದೆ. ಬೆಳ್ಗೊಡೆ ಅಂದರೆ ರಾಜನ ಬಿಳಿಯ ಕೊಡೆ, ಅದು ಅಧಿಕಾರದ ಗುರುತು ಅಂತ ಗೆರೆ ಎಳೆದೆ. ‘ನಾ ಕೊಡೆ’ ಅಂದರೆ ‘ನಾನು ಕೊಡುವುದಿಲ್ಲ’ ಅಂತಲೂ ಆಗುತ್ತದೆ, ‘ನಾನೇ ಕೊಡೆ’ ಅಂತಲೂ ಆಗುತ್ತದೆ. ಕೇಳಿದವರಿಗೆ ಕೊಡದಿರುವವಳು, ಕೇಳಿದವರಿಗೆ ಕೊಡೆಯಾಗಿ ನಿಲ್ಲುವವಳು ಹೇಗಾದಾಳು? ಇಲ್ಲೇ ನನ್ನ ಗಾಡಿ ಹೂತುಹೋಯಿತು. ಜಗಲಿಯ ತುಂಬ ಪುಸ್ತಕ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದೆ. ಭಾಗೀರತಿ ಅಲ್ಲೇ ಕಾಲು ಚಾಚಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ನಕ್ಕಳು.

‘ಅಲ್ರೀ, ಎಂಟು ದಿನದಿಂದ ಪುಸ್ತಕ ತಿರುವಿ ಹಾಕ್ತಿದೀರಲ್ಲ, ನಿಮ್ಮ ಜನ್ಮದಲ್ಲಿ ಒಂದ್ ದಿನಾನಾದ್ರೂ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಂದಿದೀರಾ?’

‘ಸೊಪ್ಪಿಗೂ ಹಾಡಿಗೂ ಏನೇ ಸಂಬಂಧ?’

‘ಸೊಪ್ಪಿನ ಬೆಳ್ಳಕ್ಕನ ಮಾತು ಕಣ್ರೀ ಅದು. ನಾ ಕೊಡೆ ಅನ್ನೋದು.’

ಬೆಳ್ಳಕ್ಕ ಅಂದರೆ ಪದ್ಮಾಕ್ಷಿಯ ತಾಯಿ ಅನ್ನುವಷ್ಟು ನನಗೂ ಗೊತ್ತಿತ್ತು. ಉಳಿದದ್ದನ್ನು ಭಾಗೀರತಿ ಹೇಳಿದಳು. ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಕರೀ ಕೊಡೆಯನ್ನು ಕಲ್ಲಿಗೆ ಕಟ್ಟಿಕೊಂಡು, ಇಪ್ಪತ್ತು ವರ್ಷ ಅದರ ಕೆಳಗೆ ಕೂತು ಸೊಪ್ಪು ಮಾರಿದವಳು ಬೆಳ್ಳಕ್ಕ. ಕೊಡೆ ಹರಿದಲ್ಲೆಲ್ಲ ಸೀರೆಯ ತುಂಡು ಹಾಕಿ ಹೊಲಿದಿದ್ದಳು. ಯಾರಾದರೂ ಚೌಕಾಸಿ ಮಾಡಿದರೆ ಸೊಂಟದ ಮೇಲೆ ಕೈಯಿಟ್ಟು, ‘ಆ ಬೆಲೆಗೆ ನಾ ಕೊಡೆ’ ಅನ್ನುವಳು. ಮಾರ್ಕೆಟ್ಟಿಗೆಲ್ಲ ಕೇಳಬೇಕು, ಹಾಗೆ. ಅಂದವಳೇ ಕೇಳಿದ ಬೆಲೆಗೆ ಕಟ್ಟು ತೆಗೆದು ಕೊಟ್ಟು, ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಕೊಸರು ಅಂತ ಚೀಲಕ್ಕೆ ತುರುಕುವಳು. ಮಳೆ ಬಂದರೆ ಗಿರಾಕಿಗಳನ್ನೂ ಅವರ ಮಕ್ಕಳನ್ನೂ ಕೊಡೆಯೊಳಗೆ ಎಳೆದುಕೊಂಡು ತಾನು ಅರ್ಧ ನೆನೆಯುವಳು. ಕೊಡುವುದಿಲ್ಲ ಅನ್ನುತ್ತ ಕೊಡುವವಳು.

ಎಂಟು ದಿನ ನಿಘಂಟಿನಲ್ಲಿ ಹುಡುಕಿದ್ದು ಸೊಪ್ಪಿನ ಚೀಲದಲ್ಲಿತ್ತು. ನನಗೆ ನಾಚಿಕೆಯಾಯಿತು.

‘ನಿಂಗೆ ಯಾವಾಗ ಹೊಳೀತು?’

‘ಹಾಡು ಹತ್ತಿದ ದಿನಾನೇ. ಸೊಪ್ಪು ಕೊಳ್ಳೋ ಹೆಂಗಸರಿಗೆಲ್ಲ ಗೊತ್ತು. ಜವರಪ್ಪನ ಹೆಂಡ್ತಿಗೂ ಗೊತ್ತು, ರಾಯರ ಸೊಸೆಗೂ ಗೊತ್ತು.’

‘ಮತ್ತೆ ಒಬ್ಬರಾದ್ರೂ ಬಾಯಿ ಬಿಡಬಾರ್ದಾ?’

‘ನಮ್ಮನ್ನ ಯಾರು ಕೇಳಿದ್ರು?’ ಅಂದಳು. ಇನ್ನೊಂದು ದಂಟು ಮುರಿದು, ‘ಕೇಳಿದ್ರೂ ಹೇಳ್ತಿರ್ಲಿಲ್ಲ. ಒಂದ್ಸಲ ಅವರ ಮನೆಗೆ ಹೋಗಿ ನೋಡ್ಕೊಂಡು ಬನ್ನಿ. ಆಮೇಲೆ ಕಟ್ಟೆ ಹತ್ತಿ’ ಅಂದಳು.

ಮಾರನೆಯ ದಿನ ಮಧ್ಯಾಹ್ನ ಹೋದೆ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಬೆಳಿಗ್ಗೆ ತಾಯಿಯ ಜಾಗದಲ್ಲಿ ಕೂತು ಸೊಪ್ಪು ಮಾರಿ ಬಂದ ಪದ್ಮಾಕ್ಷಿ ಉಳಿದ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ಒಂದು ಗೋಡೆಯನ್ನು ಆ ಬೀರುವೇ ನುಂಗಿತ್ತು. ಬಾಗಿಲ ಬಳಿ ಮರದ ಕುರ್ಚಿಯಲ್ಲಿ ಬೆಳ್ಳಕ್ಕ ಕೂತಿದ್ದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

‘ಬನ್ನಿ ಅಯ್ಯನೋರೆ. ಇವತ್ತಲ್ಲ ನಾಳೆ ಬರ್ತೀರಿ ಅಂತ ಗೊತ್ತಿತ್ತು’ ಅಂದಳು ಹುಡುಗಿ.

ನನಗೆ ಅರ್ಥ ಗೊತ್ತಾಗಿದೆ ಅಂದೆ. ಅವಳು ನೀರಿನ ಚೊಂಬನ್ನು ಕೆಳಗಿಟ್ಟಳು.

‘ಅವ್ವಂಗೆ ಪಾರ್ಶ್ವ ಹೊಡೆದು ಎರಡು ವರ್ಷ ಆಯ್ತು. ಒಂದು ಮಾತಿಲ್ಲ. ಊರಿಗೆಲ್ಲ ಹತ್ತಿದ ಹಾಡು ಇವಳಿಗೆ ಮಾತ್ರ ಹತ್ತುತಿರ್ಲಿಲ್ಲ. ಹಾಡಾದ್ರೂ ಬರ್ಲಿ ಅಂತ ನಾನೇ ಬೀರು ಸೇರ್ಕೊಂಡು ಕಟ್ಟೋಕೆ ಶುರು ಮಾಡಿದೆ. ದೇವರ ಹಾಡು ಕಟ್ಟಿದೆ, ಜೋಗುಳ ಕಟ್ಟಿದೆ. ನೀವೇ ಇಳಿಸಿದ್ರಲ್ಲ, ಅವೆಲ್ಲ. ಒಂದೂ ಇವಳ ತುಟಿಗೆ ಬರ್ಲಿಲ್ಲ. ಕೊನೇಗೆ, ಇವಳ ಮಾತನ್ನೇ ಇವಳಿಗೆ ಕೊಟ್ಟು ನೋಡೋಣ ಅಂತ...’

ಅವಳು ಮುಗಿಸುವ ಮೊದಲೇ ಬೆಳ್ಳಕ್ಕ ಹಾಡಿದಳು. ‘ಬಿಸಿಲಿಗೆ ಕೊಡೆ.’ ದನಿ ಒರಟಾಗಿತ್ತು, ತುಟಿ ಒಂದು ಕಡೆಗೆ ಎಳೆದಿತ್ತು, ಆದರೆ ಒಂದಕ್ಷರವೂ ತಪ್ಪಲಿಲ್ಲ. ಪದ್ಮಾಕ್ಷಿ ಎದ್ದು ಕಿಟಕಿಯ ಪರದೆ ಎಳೆದಳು.

‘ಸೆಕೆ ಆಗ್ತಿದೆ ಅಂತಾಳೆ’ ಅಂದಳು. ‘ನಾಲ್ಕೇ ಸಾಲು ಅಯ್ಯನೋರೆ, ಅಷ್ಟರಲ್ಲೇ ಎಲ್ಲ ಹೇಳ್ತಾಳೆ. ನೀರು ಬೇಕಾದ್ರೆ ಮಳೆಗೆ ಕೊಡೆ. ಕಾಲು ನೋವಾದ್ರೆ ಕಡ್ಡಿ ಮುರಿದರೂ. ತಟ್ಟೆಗೆ ಇನ್ನೊಂದು ತುತ್ತು ಹಾಕೋಕೆ ಹೋದ್ರೆ ನಾ ಕೊಡೆ. ಪಕ್ಕದ್ಮನೆ ಹೆಂಗಸರು ದಿನಾ ಬಂದು ಕೂತು ಮಾತಾಡಿಸ್ಕೊಂಡು ಹೋಗ್ತಾರೆ. ನಿಮ್ಮನೆ ಅಮ್ಮಾವ್ರೂ ಬಂದಿದ್ರು.’

ಭಾಗೀರತಿ ಬಂದದ್ದು ನನಗೆ ಗೊತ್ತಿರಲಿಲ್ಲ.

‘ಕಟ್ಟೆ ಮೇಲೆ ಹೇಳಿದ್ರೆ ಅವ್ವನ ಬಾಯಿಂದ್ಲೂ ಹೋಗುತ್ತಲ್ವಾ?’

‘ಹೋಗುತ್ತೆ ಕಣಮ್ಮ.’

ಹೇಳಬೇಡಿ ಅಂತ ಅವಳು ಬೇಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ‘ಇಲ್ದಿದ್ರೆ ನಿಮ್ಮನೆ ಹೋಗುತ್ತಂತೆ. ನಾನು ಬೇಡ ಅನ್ನೋಕಾಗುತ್ತಾ’ ಅಂದಳು ಅಷ್ಟೇ. ಸೋಮವಾರ ತಾಯಿಯನ್ನೂ ಕಟ್ಟೆಯ ಹತ್ತಿರ ಕರೆದುಕೊಂಡು ಬರುತ್ತೇನೆ, ಕೊನೆಯ ಸಲ ಊರಿನ ಜೊತೆ ಹಾಡಲಿ ಅಂದಳು.

ಮನೆಗೆ ಬಂದು ಪುಸ್ತಕಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿದೆ. ಈ ಮನೆಯಲ್ಲಿ ಮೂರು ತಲೆಮಾರು ಬಾಳಿದೆ. ಅಂಗಳದ ಬಾವಿಯನ್ನು ಅಜ್ಜ ತೋಡಿಸಿದ್ದು. ಭಾಗೀರತಿ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡಿದ್ದಳು. ತಡೆಯಲಾರದೆ ಕೇಳಿದೆ.

‘ನಾನು ಹೇಳದೆ ಇದ್ರೆ ಎಲ್ಲಿಗೆ ಹೋಗೋಣ?’

‘ಎಲ್ಲಾದ್ರೂ ಹೋಗೋಣ. ನಂಗೂ ಒಂದು ಹಾಡಿತ್ತು ಕಣ್ರೀ. ನೆನಪಿದೆಯಾ?’

ನೆನಪಿತ್ತು. ಹಾಡಲ್ಲ, ಹಾಡು ಇತ್ತು ಅನ್ನುವುದು. ನಮ್ಮ ಮದುವೆಯ ಹೊಸತು. ಯಾವನೋ ಗಾಡಿ ಹೊಡೆಯುವವನು ಕಟ್ಟಿದ್ದು ಊರಿಗೆ ಹತ್ತಿತ್ತು. ಈ ಮನೆಗೆ ಹೊಂದಿಕೊಳ್ಳಲಾರದೆ ಬಾವಿಕಟ್ಟೆಯ ಹತ್ತಿರ ಅಳುತ್ತ ನಿಲ್ಲುತ್ತಿದ್ದ ಹುಡುಗಿ ಅದನ್ನು ಹಾಡಿಕೊಂಡು ನೀರು ಸೇದಲು ಶುರುಮಾಡಿದ್ದಳು. ನಾನು ಕಟ್ಟೆ ಹತ್ತಿ ಅರ್ಥ ಹೇಳಿ ಇಳಿಸಿದೆ. ಅದು ನನ್ನ ಮೊದಲ ಅರ್ಥ. ಅವತ್ತೇ ನನಗೆ ಶಾಲು ಹೊದಿಸಿದ್ದು. ಮನೆಗೆ ಬಂದಾಗ ಇವಳು ಹಗ್ಗ ಹಿಡಿದು, ಬಾಯಿ ತೆರೆದು, ಏನೂ ಬರದೆ ನಿಂತಿದ್ದಳು. ‘ಏನೋ ಇತ್ತಲ್ಲ’ ಅಂದಳು. ಆಮೇಲೂ ಎಷ್ಟೋ ಸಲ ಹಾಗೆ ಅಂದಿದ್ದಾಳೆ. ನಾನು ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ. ಈಗ ಅವಳ ಕೈ ಹಿಡಿದು ತಪ್ಪಾಯಿತು ಅಂದೆ. ಕಣ್ಣೊರೆಸಿಕೊಂಡು, ‘ಸರಿ, ಹೋಗಿ ಸ್ನಾನ ಮಾಡಿ’ ಅಂದಳು.

ಸೋಮವಾರ ಬೆಳಿಗ್ಗೆ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಜವರಪ್ಪನವರು, ನರಹರಿರಾಯರು. ಹಿಂದೆ, ಬುಟ್ಟಿ ಚೀಲ ಹಿಡಿದ ಹೆಂಗಸರು. ಅವರ ನಡುವೆ ಸೊಪ್ಪಿನ ತಳ್ಳುಗಾಡಿಯಲ್ಲಿ ದಿಂಬಿಗೊರಗಿಸಿ ಬೆಳ್ಳಕ್ಕನನ್ನು ಕೂರಿಸಿದ್ದರು. ಸುತ್ತ ಸೊಪ್ಪಿನ ಕಟ್ಟುಗಳು, ಮೇಲೆ ಅದೇ ತೇಪೆಯ ಕೊಡೆ. ಜನರೆಲ್ಲ ಹಾಡುತ್ತಿದ್ದರು, ಅವಳೂ ಜನದ ಜೊತೆ ಹಾಡುತ್ತಿದ್ದಳು. ಪದ್ಮಾಕ್ಷಿ ತಾಯಿಯ ಬಾಯನ್ನೇ ನೋಡುತ್ತ ನಿಂತಿದ್ದಳು, ಎಲ್ಲಿ ಒಂದು ಅಕ್ಷರ ತಪ್ಪಿಹೋಗುತ್ತದೋ ಅನ್ನುವವಳ ಹಾಗೆ.

ನಾನು ಶಾಲು ಹೊದ್ದು ಕಟ್ಟೆ ಹತ್ತಿದೆ. ಕೈಯೆತ್ತಿದಾಗ ಜನ ಸೆರಗು ಟವೆಲ್ಲುಗಳನ್ನು ಬಾಯಿಗೆ ಒತ್ತಿಕೊಂಡರು.

‘ಈ ಹಾಡಿನ ಅರ್ಥ ನನಗೆ ಸಿಕ್ಕಿದೆ’ ಅಂದೆ.

‘ಸಿಕ್ತಲ್ಲ, ಕೊಡಿ ಮತ್ತೆ’ ಅಂದರು ಜವರಪ್ಪನವರು, ಕುರ್ಚಿಯಿಂದ ಅರ್ಧ ಎದ್ದು.

‘ನಾ ಕೊಡೆ.’

ಎಲ್ಲರೂ ಗೊಳ್ಳೆಂದು ನಕ್ಕರು. ಪಾಪ, ಅರ್ಥದಯ್ಯನ ಬಾಯಿಗೂ ನಡುವೆ ಹಾಡು ನುಗ್ಗಿತು ಅಂದುಕೊಂಡರು. ಜವರಪ್ಪನವರೂ ನಗುತ್ತ ‘ಹೂಂ, ಮುಂದೆ ಹೇಳಿ’ ಅಂದರು. ನಗು ನಿಲ್ಲುವ ತನಕ ಕಾದೆ.

‘ಇದು ಹಾಡಲ್ಲ ಅಧ್ಯಕ್ಷರೇ, ನನ್ನ ಮಾತು. ಅರ್ಥ ಗೊತ್ತಿದೆ. ಇದರಲ್ಲಿ ನಿಮ್ಮ ಪಕ್ಷ ಇಲ್ಲ. ರಾಯರೇ, ನಿಮ್ಮ ಸ್ವಾಮಿಯ ನಿಂದೆಯೂ ಇಲ್ಲ. ಹುಡುಗಿಯ ಮೇಲೆ ಯಾವ ತಪ್ಪೂ ಇಲ್ಲ. ಏನಿದೆ ಅನ್ನೋದನ್ನ ಮಾತ್ರ ನಾ ಕೊಡೆ.’

ಒಂದು ಕ್ಷಣ ಎಲ್ಲರ ಬಾಯೂ ನಿಂತುಹೋಯಿತು. ಒಂದು ಗುನುಗೂ ಇಲ್ಲ. ಆಡಬಾರದ ಮಾತನ್ನೇ ಆಡಿಬಿಟ್ಟೆನೇ, ಇದೇ ಅರ್ಥವಾಗಿ ಹೋಯಿತೇ, ಹಾಡು ಇಳಿದೇಬಿಟ್ಟಿತೇ? ತಳ್ಳುಗಾಡಿಯ ಕಡೆ ನೋಡಿದೆ. ಬೆಳ್ಳಕ್ಕನ ತುಟಿಗಳು ಮುಚ್ಚಿದ್ದವು. ಪದ್ಮಾಕ್ಷಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಆಮೇಲೆ ಹೆಂಗಸರ ನಡುವಿನಿಂದ ಯಾರೋ ‘ಮಳೆಗೆ ಕೊಡೆ’ ಅಂತ ಎತ್ತಿದರು. ಎತ್ತಿದವಳು ಜವರಪ್ಪನವರ ಹೆಂಡತಿ. ಇನ್ನೊಬ್ಬಳು ‘ಬಿಸಿಲಿಗೆ ಕೊಡೆ’ ಅಂದಳು. ನೋಡನೋಡುತ್ತ ಇಡೀ ಊರು ಮತ್ತೆ ಶುರುವಾಯಿತು. ಹಾಡು ಎಲ್ಲಿಗೂ ಹೋಗಿರಲಿಲ್ಲ, ಜನ ಬೆಚ್ಚಿ ಸುಮ್ಮನಾಗಿದ್ದರು ಅಷ್ಟೇ. ಆದರೆ ಬೆಳ್ಳಕ್ಕ ಮಾತ್ರ ಸೇರಲಿಲ್ಲ. ಸುತ್ತ ಎಲ್ಲರೂ ಹಾಡುತ್ತಿದ್ದರೆ ಅವಳು ಬಾಯಿ ಮುಚ್ಚಿಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದಳು. ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳ ಬಾಯಿಂದಲೇ ಹಾಡನ್ನು ಕಿತ್ತುಕೊಂಡೆ ಅನ್ನಿಸಿತು.

ನರಹರಿರಾಯರು ಮೇಲೆ ಬಂದು ನನ್ನ ಹೆಗಲಿನ ಶಾಲು ತೆಗೆದುಕೊಂಡರು. ಒರಟಾಗಿ ಎಳೆಯಲಿಲ್ಲ, ಮಡಿಸಿ ತೆಗೆದುಕೊಂಡರು. ‘ತಿಂಗಳ ಕೊನೆಗೆ ಮನೆ ಬಿಡಿ’ ಅಂತ ಹೇಳಬೇಕಿತ್ತು, ಅವರ ಬಾಯಲ್ಲಿ ಹಾಡೇ ಬಂದದ್ದರಿಂದ ಕೈಸನ್ನೆಯಲ್ಲಿ ಹೇಳಿದರು. ನಾನು ಕೈ ಮುಗಿದು ಇಳಿದೆ. ಜನ ಹಾಡುತ್ತಲೇ ದಾರಿ ಬಿಟ್ಟರು.

ತಳ್ಳುಗಾಡಿಯ ಹತ್ತಿರ ಹೋಗಿ ‘ತಪ್ಪಾಯ್ತು ಬೆಳ್ಳಕ್ಕ’ ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಬರಿಯ ಹೆಗಲನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಆಮೇಲೆ ಎಡಗೈಯನ್ನು ಮೆಲ್ಲಗೆ ಸೊಪ್ಪಿನೊಳಗೆ ಇಳಿಸಿ, ಒಂದು ಹಿಡಿ ಕೊತ್ತಂಬರಿ ಕಿತ್ತು ನನ್ನ ಮುಂದೆ ಹಿಡಿದಳು. ನಾನು ಪಂಚೆಯ ಸೆರಗೊಡ್ಡಿದೆ. ಅದರೊಳಗೆ ಹಾಕಿ, ಒತ್ತಿ, ಮುಖ ಗಂಟಿಕ್ಕಿಕೊಂಡು ಅಂದಳು:

‘ನಾ ಕೊಡೆ.’

ಪದ್ಮಾಕ್ಷಿಯ ಬಾಯಿಂದ ಸೆರಗು ಜಾರಿತು. ಹೆಂಗಸರ ನಡುವೆ ನಿಂತಿದ್ದ ಭಾಗೀರತಿ ಬಂದು ನನ್ನ ತೋಳು ಹಿಡಿದುಕೊಂಡಳು. ಬೆಳ್ಳಕ್ಕ ಅಂದದ್ದರಲ್ಲಿ ರಾಗ ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಕೂತು ಇಪ್ಪತ್ತು ವರ್ಷ ಹೇಳಿದಳಲ್ಲ, ಹಾಗೆ ಹೇಳಿದಳು.